ತಾರಸಿಯ ಮೇಲಿನ ವಿದ್ಯುದಾಗಾರ

ಬೆಂಗಳೂರಿನಿಂದ ಚೆನ್ನೈಯ ಕಡೆಗೆ ಹೋಗುವ ರೈಲಿನಲ್ಲಿ ಸುಮಾರು 70 ಕಿಲೋಮೀಟರು ಸಾಗಿದರೆ ಬಂಗಾರಪೇಟೆ ಎಂಬ ಜಂಕ್ಷನ್ ದೊರೆಯುತ್ತದೆ. ಹಿಂದೆ ಇದಕ್ಕೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಇಲ್ಲಿಂದ ಕವಲೊಡೆದ ಒಂದು ಮಾರ್ಗ ಕೋಲಾರದ ಚಿನ್ನದ ಗಣಿಗಳತ್ತ ಹೊರಟು ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಒಂದು ಕಾಲದಲ್ಲಿ ಈ ನೆಲದಡಿಯಲ್ಲಿ ಸಾವಿರಾರು ಮಂದಿ ಹಗಲು ಇರುಳೆನ್ನದೆ ದುಡಿಯುತ್ತಿದ್ದರು. ಭಾರತ್ ಚಿನ್ನದ ಗಣಿ ಸಂಸ್ಥೆಯು 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ಮೇಲೆ, ಅಲ್ಲಿ ಉಳಿದಿರುವುದು ಮುಚ್ಚಿದ ಬಾವಿಗಳ ಮೇಲಿನ ಕಬ್ಬಿಣದ ಗೋಪುರಗಳು, ಬೂದುಬಣ್ಣದ ಸಯನೈಡ್ ದಿಬ್ಬಗಳು, ಮತ್ತು ಗಣಿಯ ನೆನಪಿನಲ್ಲೇ ಮುಪ್ಪಾಗುತ್ತಿರುವ ಜನ.

ವಿದ್ಯುಚ್ಛಕ್ತಿಯ ಚರಿತ್ರೆಯಲ್ಲಿ ಈ ಊರಿಗೆ ಒಂದು ವಿಶೇಷ ಸ್ಥಾನವಿದೆ. ಗಣಿಯ ಯಂತ್ರಗಳೆಲ್ಲ ಮೊದಲು ಉಗಿಯ ಬಲದಿಂದ ನಡೆಯುತ್ತಿದ್ದವು. ಅದಕ್ಕೆ ಬೇಕಾದ ಸೌದೆ ಕಲ್ಲಿದ್ದಲುಗಳನ್ನು ತರಿಸುವ ವೆಚ್ಚ ಅಪಾರವಾಗಿತ್ತು. ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವ ರಭಸವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಗಣಿಗಳಿಗೆ ಒಯ್ಯಬಹುದೆಂಬ ಯೋಜನೆಯನ್ನು ಲಾಟ್ಬಿನಿಯೇರ್ ಎಂಬ ಇಂಜಿನಿಯರು ರೂಪಿಸಿದರು. ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದಕ್ಕೆ ಬೆಂಬಲವಾಗಿ ನಿಂತರು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲುಪಿತು. ಆ ದಿನವನ್ನು ಕಾಣಲು ದಿವಾನರು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮೂವತ್ತು ಸಾವಿರ ವೋಲ್ಟಿಗೆ ಕಡಮೆಯಿಲ್ಲದ ಒತ್ತಡದಲ್ಲಿ, 92 ಮೈಲಿ ದೂರ ವಿದ್ಯುತ್ತನ್ನು ಹೊತ್ತ ಆ ತಂತಿಯ ಮಾರ್ಗವು ಅಂದಿಗೆ ಇಡೀ ಜಗತ್ತಿನಲ್ಲೇ ಅತ್ಯಂತ ಉದ್ದನೆಯ ಮಾರ್ಗಗಳಲ್ಲಿ ಒಂದಾಗಿತ್ತು. ರಾಜಧಾನಿಯ ಹಿರಿಮೆಯುಳ್ಳ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಬಳಿಕ, 1905ರಲ್ಲಿ.

ಇದು ನಮ್ಮ ನಾಡು ಹೆಮ್ಮೆಪಡಬೇಕಾದ ಸಾಹಸ, ಸಂದೇಹವಿಲ್ಲ. ಆದರೆ ಆ ತಂತಿಯ ಕೆಳಗೆ ಬದುಕಿದ್ದವರನ್ನು ಕುರಿತು ಒಂದು ಮಾತನ್ನು ಹೇಳದೆ ಮುಂದೆ ಸಾಗುವುದು ನ್ಯಾಯವಲ್ಲ. ಕಾವೇರಿಯ ದಡದಿಂದ ಗಣಿಗಳವರೆಗೆ ಸಾಲುಗಟ್ಟಿ ನಿಂತ ಕಂಬಗಳು ಹಳ್ಳಿಗಳ ಹೊಲಗಳನ್ನೂ ಕೆರೆಗಳ ಏರಿಗಳನ್ನೂ ದಾಟಿಕೊಂಡು ಹೋದವು. ತಲೆಯ ಮೇಲೆ ಸಾವಿರಾರು ಅಶ್ವಶಕ್ತಿ ಹರಿಯುತ್ತಿರಲು, ಕೆಳಗಿನ ಗುಡಿಸಲಿನಲ್ಲಿ ಬಾಣಂತಿಯು ಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಕೂಸನ್ನು ನೋಡಿಕೊಳ್ಳುತ್ತಿದ್ದಳು. ಒಂದೆರಡು ವರ್ಷವಲ್ಲ, ಹಲವು ದಶಕಗಳ ಕಾಲ ಹೀಗೆಯೇ ನಡೆಯಿತು. ವಿದ್ಯುತ್ತು ಒಂದು ಊರಿನ ಮೇಲೆ ಹಾದುಹೋಗುವುದು ಬೇರೆ, ಆ ಊರಿಗೆ ಒದಗುವುದು ಬೇರೆ.

ಈಗ ಕಾಲ ಬದಲಾಗಿದೆ. ಕೋಲಾರ ಜಿಲ್ಲೆಯ ಹಳ್ಳಿಹಳ್ಳಿಗೂ ಕಂಬ ಬಂದಿದೆ, ಮನೆಮನೆಗೂ ಮೀಟರು ಬಂದಿದೆ. ಹಾಗಿದ್ದರೂ ಸಂಜೆ ಗಾಳಿಮಳೆ ಎದ್ದಿತೆಂದರೆ “ಕರೆಂಟು ಹೋಯಿತು” ಎಂಬ ಮಾತನ್ನು ಕೇಳದ ಹಳ್ಳಿಯ ಹುಡುಗ ಇರಲಾರ. ಇದಕ್ಕೆ ಕಾರಣಗಳು ಹಲವು. ಬಿರುಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಲೈನ್‌ಮನ್ ಬರುವ ವೇಳೆಗೆ ರಾತ್ರಿ ಕಳೆದಿರುತ್ತದೆ. ಈ ಜಿಲ್ಲೆಗೆ ವಿಶಿಷ್ಟವಾದ ಇನ್ನೊಂದು ಕಾರಣವೂ ಉಂಟು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ರೈತನು ಸಾವಿರ ಅಡಿಗೂ ಮಿಗಿಲಾದ ಆಳದ ಕೊಳವೆಬಾವಿಗಳಿಂದ ನೀರನ್ನೆತ್ತಬೇಕು. ಅಷ್ಟು ಆಳದಿಂದ ನೀರೆತ್ತುವ ಪಂಪುಗಳು ಒಟ್ಟಿಗೆ ಚಾಲನೆಗೊಂಡಾಗ ಮಾರ್ಗದ ಕೊನೆಯಲ್ಲಿರುವ ಊರಿಗೆ ತಲುಪುವ ವಿದ್ಯುತ್ತಿನ ಒತ್ತಡ ಕುಸಿಯುತ್ತದೆ. ದೀಪ ಹತ್ತುತ್ತದೆ, ಆದರೆ ಮಿಣುಕುತ್ತದೆ. ಯಂತ್ರ ತಿರುಗಲು ಯತ್ನಿಸಿ, ಬಿಸಿಯೇರಿ, ನಿಂತುಹೋಗುತ್ತದೆ.

ಮನೆಯಲ್ಲಿ ಕರೆಂಟು ಹೋದರೆ ಆಗುವ ನಷ್ಟ ಒಂದು ಹೊತ್ತಿನ ಓದು, ಇಲ್ಲವೆ ಒಂದು ರಾತ್ರಿಯ ನಿದ್ರೆ. ಆರೋಗ್ಯ ಕೇಂದ್ರದಲ್ಲಿ ಹೋದರೆ?

ಬಯಲುಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಇರಬೇಕೆಂಬುದು ನಮ್ಮ ದೇಶದ ನಿಯಮ. ಹಳ್ಳಿಗರಿಗೆ ಸರ್ಕಾರಿ ವೈದ್ಯವೆಂದರೆ ಮೊದಲಿಗೆ ಇವೇ. ಹೆರಿಗೆಯು ಹಗಲನ್ನೇ ನೋಡಿಕೊಂಡು ಬರುವುದಿಲ್ಲ. ಹೆರಿಗೆಯಾದ ತಾಯಿಗೆ ರಕ್ತಸ್ರಾವ ಹೆಚ್ಚಾದರೆ, ಅದು ಎಲ್ಲಿಂದ ಬರುತ್ತಿದೆಯೆಂದು ಕಂಡುಹಿಡಿದು ಹೊಲಿಗೆ ಹಾಕಲು ಕೆಲವೇ ನಿಮಿಷಗಳ ಅವಕಾಶವಿರುತ್ತದೆ. ದಾದಿಯು ಒಂದು ಕೈಯಲ್ಲಿ ಮೊಬೈಲ್ ದೂರವಾಣಿಯ ದೀಪವನ್ನು ಹಿಡಿದು, ಇನ್ನೊಂದು ಕೈಯಲ್ಲಿ ಸೂಜಿಯನ್ನು ಹಿಡಿಯಬೇಕಾದ ಸ್ಥಿತಿಯನ್ನು ಊಹಿಸಿಕೊಳ್ಳಿ. ಹುಟ್ಟಿದ ಶಿಶುವಿನ ಮೈ ಬೇಗನೆ ತಣ್ಣಗಾಗುತ್ತದೆ. ಅದನ್ನು ಬೆಚ್ಚಗಿಡುವ ಯಂತ್ರ ವಿದ್ಯುತ್ತನ್ನು ಬೇಡುತ್ತದೆ. ಶಿಶುವಿಗೆ ಕಾಮಾಲೆಯಾದರೆ ನೀಲಿ ಬೆಳಕಿನಡಿಯಲ್ಲಿ ಮಲಗಿಸುತ್ತಾರೆ. ಇಲ್ಲಿ ಹೆಚ್ಚು ಮಂದಿ ಗಮನಿಸದ ಸೂಕ್ಷ್ಮವೊಂದಿದೆ: ಲಾಟೀನು, ಮೇಣದ ಬತ್ತಿಗಳ ಬೆಳಕು ಹಳದಿ. ಆ ಬೆಳಕಿನಲ್ಲಿ ಎಲ್ಲ ಮಕ್ಕಳ ಮೈಯೂ ಹಳದಿಯಾಗಿಯೇ ತೋರುವುದರಿಂದ ಕಾಮಾಲೆಯನ್ನು ಗುರುತಿಸುವುದೇ ಕಷ್ಟ. ರೋಗವನ್ನು ವಾಸಿಮಾಡುವುದಿರಲಿ, ಕಾಣುವುದಕ್ಕೂ ಒಳ್ಳೆಯ ಬೆಳಕು ಬೇಕು.

ಲಸಿಕೆಗಳ ಕಥೆ ಇನ್ನೂ ನಾಜೂಕಿನದು. ಅವುಗಳನ್ನು ಆರೋಗ್ಯ ಕೇಂದ್ರದಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ ಕಾಪಾಡಬೇಕು. ಬಿಸಿ ತಗುಲಿದರೆ ಪೋಲಿಯೋ ಹನಿ ಸತ್ವಹೀನವಾಗುತ್ತದೆ. ಹೆಪ್ಪುಗಟ್ಟಿದರೆ ಧನುರ್ವಾಯು, ನಾಯಿಕೆಮ್ಮುಗಳ ವಿರುದ್ಧದ ಲಸಿಕೆ ಕೆಡುತ್ತದೆ. ಕೆಟ್ಟ ಲಸಿಕೆಯು ಕೆಟ್ಟ ಹಾಲಿನಂತೆ ವಾಸನೆಯಿಂದ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಅಚ್ಚಾಗಿರುತ್ತದೆ. ಶಾಖ ತಾಕಿದಷ್ಟೂ ಚೌಕ ಕಪ್ಪಾಗುತ್ತ ಹೋಗಿ, ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆಯನ್ನು ಎಸೆಯಬೇಕು. ತಾಯಂದಿರು ದೂರದ ಊರುಗಳಿಂದ ಕೂಸುಗಳನ್ನು ಎತ್ತಿಕೊಂಡು ಬರುವ ಲಸಿಕೆಯ ದಿನವೇ ಚೌಕ ಕಪ್ಪಾಗಿ ಕಂಡರೆ, ಅವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಬೇಕಾಗುತ್ತದೆ. ಹಾಗೆ ಹಿಂದಿರುಗಿದವರು ಮತ್ತೊಮ್ಮೆ ಬಂದೇ ಬರುವರೆಂಬ ಭರವಸೆಯಿಲ್ಲ.

ಚಿನ್ನದ ಗಣಿಯ ಊರಿಗೆ ವಿದ್ಯುತ್ತಿನ ಅಗತ್ಯ ಇನ್ನೊಂದು ಬಗೆಯಲ್ಲೂ ಇದೆ. ಬಂಡೆಯನ್ನು ಕೊರೆಯುವಾಗ ಎದ್ದ ನುಣ್ಣನೆಯ ಧೂಳು ಗಣಿಗಾರರ ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ವ್ಯಾಧಿಯನ್ನು ತಂದಿತು. ಭಾರತದಲ್ಲಿ ಈ ವ್ಯಾಧಿಯು ಮೊತ್ತಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದಲೇ, 1934ರಲ್ಲಿ. ಗಣಿ ಮುಚ್ಚಿದರೂ ರೋಗ ಮುಚ್ಚುವುದಿಲ್ಲ. ಒಳಹೊಕ್ಕ ಧೂಳು ಹೊರಗೆ ಬರುವುದಿಲ್ಲ. ರೋಗ ಬಲಿತ ಮುದುಕರಿಗೆ ಆಮ್ಲಜನಕವನ್ನು ಒದಗಿಸಬೇಕಾಗುತ್ತದೆ. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿಕೊಡುವ ಚಿಕ್ಕ ಯಂತ್ರಗಳು ಈಗ ಇವೆ. ಸಿಲಿಂಡರನ್ನು ಹೊತ್ತು ತರುವ ಶ್ರಮವನ್ನು ಇವು ತಪ್ಪಿಸಿವೆ. ಆದರೆ ಯಂತ್ರ ನಡೆಯುವುದು ವಿದ್ಯುತ್ತಿನಿಂದ. ಬೆಂಗಳೂರಿನ ಬೀದಿಗಳಿಗಿಂತ ಮುಂಚೆ ವಿದ್ಯುತ್ತನ್ನು ಕಂಡ ಗಣಿಯ ಕೂಲಿಯು ತನ್ನ ಮುಪ್ಪಿನಲ್ಲಿ ಪ್ರತಿಯೊಂದು ಉಸಿರಿಗೂ ಅದನ್ನೇ ನೆಚ್ಚಬೇಕಾಗಿದೆ.

“ದೊಡ್ಡ ಆಸ್ಪತ್ರೆಗೆ ಕಳುಹಿಸಿದರಾಯಿತಲ್ಲ” ಎಂದು ನೀವು ಕೇಳಬಹುದು. ಕಳುಹಿಸುತ್ತಾರೆ. ಕೋಲಾರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಬಂಗಾರಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಆದರೆ ಕಾಮಸಮುದ್ರದ ಕಡೆಯ ಗಡಿಹಳ್ಳಿಗಳಲ್ಲಿ ಕತ್ತಲಾದ ಮೇಲೆ ರಸ್ತೆಗೆ ಆನೆಗಳು ಬರುವುದುಂಟು. ನೋವು ತಿನ್ನುತ್ತಿರುವ ಬಸಿರಿಗೆ ಒಂದು ಗಂಟೆಯ ಪ್ರಯಾಣವೂ ದೀರ್ಘ. ಹತ್ತಿರದ ಕೇಂದ್ರದಲ್ಲೇ ಬೆಳಕಿದ್ದರೆ ಸಾಕಾಗುವ ಎಷ್ಟೋ ಹೆರಿಗೆಗಳು, ಬೆಳಕಿಲ್ಲವೆಂಬ ಒಂದೇ ಕಾರಣಕ್ಕೆ ದಾರಿ ಹಿಡಿಯಬೇಕಾಗುವುದು ಉಚಿತವಲ್ಲ.

ಈ ಕೊರತೆ ನಮ್ಮೊಬ್ಬರದೇ ಅಲ್ಲ. ಬಡ ದೇಶಗಳಲ್ಲಿ ಸುಮಾರು 100 ಕೋಟಿ ಜನರು ವಿದ್ಯುತ್ತೇ ಇಲ್ಲದ, ಅಥವಾ ವಿದ್ಯುತ್ತನ್ನು ನಂಬುವಂತಿಲ್ಲದ ಆರೋಗ್ಯ ಕೇಂದ್ರಗಳನ್ನೇ ಆಶ್ರಯಿಸಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅದರ ಜೊತೆಗೂಡಿದ ಸಂಸ್ಥೆಗಳೂ 2023ರಲ್ಲಿ ಲೆಕ್ಕ ಹಾಕಿದವು. ಇದಕ್ಕೆ ಡೀಸೆಲ್ ಜನರೇಟರು ಹಳೆಯ ಪರಿಹಾರ. ಅದು ಸದ್ದು ಮಾಡುತ್ತದೆ, ಹೊಗೆ ಉಗುಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಡೀಸೆಲಿಗೆ ಹಣವಿಲ್ಲದ ತಿಂಗಳಿನಲ್ಲಿ ಮೂಲೆಯಲ್ಲಿ ಮೌನವಾಗಿ ಕೂಡುತ್ತದೆ.

ಕೋಲಾರದ ಸೀಮೆಯಲ್ಲಿ ನೀರಿಗೆ ಬರ, ಬಿಸಿಲಿಗೆ ಬರವಿಲ್ಲ. ಇಲ್ಲಿ ಒಂದು ಚದರ ಮೀಟರು ನೆಲದ ಮೇಲೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಐದು ಯೂನಿಟ್ಟಿಗೂ ಹೆಚ್ಚು ಸೂರ್ಯಶಕ್ತಿ ಬೀಳುತ್ತದೆ. ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿಯೇ ಗಮನಿಸಿದ್ದನು. ಬಳಸಲು ಯೋಗ್ಯವಾದ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1954ರಲ್ಲಿ. ಸೋಜಿಗವೆಂದರೆ, ಧೂಳಾಗಿ ಗಣಿಗಾರನ ಎದೆಯನ್ನು ಹೊಕ್ಕ ಸಿಲಿಕಾದಿಂದಲೇ ಈ ಸಿಲಿಕಾನನ್ನು ತೆಗೆಯುತ್ತಾರೆ.

ಸೂರ್ಯನಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆ ಈ ತಾಲ್ಲೂಕಿಗೆ ಹೊಸದೇನಲ್ಲ. ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 2009ರ ಕೊನೆಯಲ್ಲಿ 3 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರವನ್ನು ಆರಂಭಿಸಿತು. ನಮ್ಮ ದೇಶದಲ್ಲಿ ವಿದ್ಯುತ್ ಜಾಲಕ್ಕೆ ಜೋಡಿಸಿದ ದೊಡ್ಡ ಸೌರ ಸ್ಥಾವರಗಳಲ್ಲಿ ಅದು ಮೊದಮೊದಲಿನದು. ಹೀಗಿರುವಾಗ ಆರೋಗ್ಯ ಕೇಂದ್ರದ ತಾರಸಿಯ ಮೇಲೆ ಬೇರೆಯಾಗಿ ಫಲಕಗಳೇಕೆ? ಉತ್ತರ ಸ್ವಾರಸ್ಯವಾಗಿದೆ. ಜಾಲಕ್ಕೆ ಜೋಡಿಸಿದ ಸ್ಥಾವರವು ತಂತಿಯ ಮಾರ್ಗ ಸತ್ತ ಕೂಡಲೆ ತಾನೂ ನಿಂತುಬಿಡುವಂತೆ ರಚಿತವಾಗಿರುತ್ತದೆ. ನಿಲ್ಲದಿದ್ದರೆ, ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿನ ಜೀವಕ್ಕೆ ಅಪಾಯ. ರಾತ್ರಿಯಂತೂ ಅದರಲ್ಲಿ ವಿದ್ಯುತ್ತು ಹುಟ್ಟುವುದೇ ಇಲ್ಲ. ಆದುದರಿಂದ ಪಕ್ಕದ ಊರಿನಲ್ಲೇ ಎಷ್ಟು ದೊಡ್ಡ ಸ್ಥಾವರವಿದ್ದರೂ, ನಡುವಿನ ತಂತಿ ಕಡಿದ ರಾತ್ರಿ ಹೆರಿಗೆಯ ಕೋಣೆಗೆ ಅದರಿಂದ ಪ್ರಯೋಜನವಿಲ್ಲ. ಅಂಥ ರಾತ್ರಿಗೆ ಬೇಕಾದದ್ದು ಅದೇ ಕಟ್ಟಡದ ಮೇಲೆ ಹುಟ್ಟಿ, ಅದೇ ಕಟ್ಟಡದ ಬ್ಯಾಟರಿಯಲ್ಲಿ ಕೂಡಿಟ್ಟ ವಿದ್ಯುತ್ತು. 1902ರ ದಾರಿ ಒಂದು ಕಡೆ ಮಾಡಿ ದೂರಕ್ಕೆ ಹಂಚುವುದು. ಇದು ಬೇಕಾದಲ್ಲಿಯೇ ಮಾಡಿಕೊಳ್ಳುವುದು. ಒಂದು ಇನ್ನೊಂದರ ಶತ್ರುವಲ್ಲ. ತಂತಿಯ ಕರೆಂಟು ಇರುವಾಗ ಅದನ್ನು ಬಳಸಿ, ಇಲ್ಲದಾಗ ಬ್ಯಾಟರಿಗೆ ತಾನಾಗಿಯೇ ಹೊರಳುವ ಏರ್ಪಾಡು ಎಲ್ಲಕ್ಕಿಂತ ಮೇಲು.

ಎಷ್ಟು ಫಲಕಗಳು ಬೇಕು? ಇದೊಂದು ಸಣ್ಣ ಲೆಕ್ಕ. ಸಾವಿರ ವಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. ಶಿಶುವನ್ನು ಬೆಚ್ಚಗಿಡುವ ಯಂತ್ರಕ್ಕೆ ಸುಮಾರು 600 ವಾಟ್ ಬೇಕು. ಎರಡು ಗಂಟೆ ನಡೆಸಿದರೆ 1.2 ಯೂನಿಟ್. ಆಮ್ಲಜನಕದ ಯಂತ್ರಕ್ಕೆ ಸುಮಾರು 350 ವಾಟ್. ಎಂಟು ಗಂಟೆಗೆ 2.8 ಯೂನಿಟ್. ದೀಪ, ಪಂಖಗಳೆಲ್ಲ ಸೇರಿ 200 ವಾಟ್ ಎಂದಿಟ್ಟುಕೊಂಡರೆ ಹತ್ತು ಗಂಟೆಗೆ 2 ಯೂನಿಟ್. ಲಸಿಕೆಯ ಪೆಟ್ಟಿಗೆಗೆ ಇನ್ನೆರಡನ್ನು ಕೂಡಿಸಿದರೂ ಒಂದು ರಾತ್ರಿ ಎಂಟು ಯೂನಿಟ್ಟುಗಳಲ್ಲಿ ಕಳೆಯುತ್ತದೆ. 5 ಕಿಲೋವಾಟ್ ಫಲಕಗಳು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 20 ಯೂನಿಟ್ ಕೊಡಬಲ್ಲವು. ಮೋಡ ಕವಿದ ದಿನ ಅದರ ಅರ್ಧವೂ ಬಾರದಿರಬಹುದು. ಬ್ಯಾಟರಿಯ ಗಾತ್ರವನ್ನು ನಿಶ್ಚಯಿಸುವಾಗ ನೆನಪಿನಲ್ಲಿಡಬೇಕಾದದ್ದು ಆ ಮೋಡದ ದಿನವನ್ನೇ ಹೊರತು ಬಿಸಿಲಿನ ದಿನವನ್ನಲ್ಲ.

ಲೆಕ್ಕಕ್ಕಿಂತ ಕಷ್ಟವಾದದ್ದು ಆಯ್ಕೆ. ಉಪಕರಣಗಳನ್ನು ಕುದಿಸುವ ಪಾತ್ರೆ, ನೀರು ಕಾಯಿಸುವ ಹೀಟರ್ ಮುಂತಾದವು ಕ್ಷಣಮಾತ್ರದಲ್ಲಿ ಬ್ಯಾಟರಿಯನ್ನು ಬರಿದುಮಾಡುತ್ತವೆ. ಆದ್ದರಿಂದ ಬಲ್ಲವರು ಹೆರಿಗೆಯ ಕೋಣೆ, ಶಿಶುವಿನ ಯಂತ್ರ, ಲಸಿಕೆಯ ಪೆಟ್ಟಿಗೆ, ಆಮ್ಲಜನಕ ಇವಿಷ್ಟಕ್ಕೆ ಪ್ರತ್ಯೇಕ ತಂತಿಯನ್ನೆಳೆದು, ಉಳಿದುದನ್ನು ಸೌರ ವಿದ್ಯುತ್ತಿನಿಂದ ದೂರವಿಡುತ್ತಾರೆ. ಹಾಗೆ ಮಾಡದ ಕಡೆ ಯಾರೋ ಚಹಾ ಕಾಯಿಸಿಕೊಂಡ ತಪ್ಪಿಗೆ ಮಧ್ಯರಾತ್ರಿ ದೀಪ ಆರಬಹುದು!

ಲಸಿಕೆಯ ಪೆಟ್ಟಿಗೆಯನ್ನು ಕಂಡುಹಿಡಿದವರ ಜಾಣ್ಮೆಯನ್ನು ಇಲ್ಲಿ ಮೆಚ್ಚಲೇಬೇಕು. ಅದರ ಒಳಗೋಡೆಯ ಸುತ್ತ ನೀರಿನ ಕೊಳವೆಗಳೋ ಹಿಮದ ಪೊಟ್ಟಣಗಳೋ ಇರುತ್ತವೆ. ವಿದ್ಯುತ್ತಿರುವಾಗ ಆ ನೀರು ಹೆಪ್ಪುಗಟ್ಟುತ್ತದೆ; ಇಲ್ಲದಾಗ ಮೆಲ್ಲಗೆ ಕರಗುತ್ತ ಒಳಗಿನ ತಂಪನ್ನು ಕಾಯುತ್ತದೆ. ದಿನದಲ್ಲಿ ಎಂಟು ಗಂಟೆ ವಿದ್ಯುತ್ತು ದೊರೆತರೂ ಇದು ತನ್ನ ಕೆಲಸವನ್ನು ನಡೆಸುತ್ತದೆ. ಇದೇ ತತ್ವವನ್ನು ಅನುಸರಿಸಿ, ಬ್ಯಾಟರಿಯೇ ಇಲ್ಲದೆ ಸೌರ ಫಲಕಕ್ಕೆ ನೇರವಾಗಿ ಜೋಡಿಸುವ ಪೆಟ್ಟಿಗೆಗಳೂ ಬಂದಿವೆ. ಹಗಲಿನ ಬಿಸಿಲನ್ನು ಹಿಮವಾಗಿ ಕೂಡಿಡುವ ಉಪಾಯವಿದು.

ಇಂಥ ಏರ್ಪಾಡಿನ ಫಲವೇನೆಂಬುದನ್ನು ಛತ್ತೀಸಗಢ ರಾಜ್ಯ ತೋರಿಸಿಕೊಟ್ಟಿದೆ. ಕಾಡುನಾಡಾದ ಆ ರಾಜ್ಯದಲ್ಲಿ ನೂರಾರು ಆರೋಗ್ಯ ಕೇಂದ್ರಗಳ ಮೇಲೆ ಸೌರ ಫಲಕಗಳನ್ನು ಅಳವಡಿಸಿದರು. ಸಿ.ಇ.ಇ.ಡಬ್ಲ್ಯು. ಎಂಬ ದೆಹಲಿಯ ಅಧ್ಯಯನ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ವರದಿಯಂತೆ, ವಿದ್ಯುತ್ತಿನ ಕೊರತೆಯಿದ್ದು ಸೌರ ಫಲಕಗಳೂ ಇಲ್ಲದ ಕೇಂದ್ರಗಳಿಗೆ ಹೋಲಿಸಿದರೆ, ಫಲಕಗಳಿದ್ದ ಕೇಂದ್ರಗಳಲ್ಲಿ ತಿಂಗಳಿಗೆ ನಡೆದ ಹೆರಿಗೆಗಳು ಹೆಚ್ಚುಕಡಮೆ ಇಮ್ಮಡಿ. ಹೊರರೋಗಿಗಳ ಸಂಖ್ಯೆ ಒಂದೂವರೆ ಪಟ್ಟು. ವಿದ್ಯುತ್ತು ತಾನಾಗಿ ಹೆರಿಗೆ ಮಾಡಿಸುವುದಿಲ್ಲ, ನಿಜ. ಆದರೆ ಬೆಳಕೂ ಪಂಖವೂ ಇರುವ ಕಡೆ ದಾದಿಯು ರಾತ್ರಿ ಉಳಿಯಲು ಅಂಜುವುದಿಲ್ಲ; ದಾದಿಯಿದ್ದಾಳೆಂದು ತಿಳಿದರೆ ಊರಿನವರು ಬಸಿರಿಯನ್ನು ಕರೆತರಲು ಹಿಂಜರಿಯುವುದಿಲ್ಲ.

ದೂರದ ನೈಜೀರಿಯಾದಲ್ಲಿಯೂ ಹೀಗೆಯೇ ಆಯಿತು. ಅಮೆರಿಕದ ಪ್ರಸೂತಿ ವೈದ್ಯೆ ಲಾರಾ ಸ್ಟಾಚೆಲ್ 2008ರಲ್ಲಿ ಅಲ್ಲಿಯ ಆಸ್ಪತ್ರೆಯೊಂದರಲ್ಲಿದ್ದಾಗ ಶಸ್ತ್ರಚಿಕಿತ್ಸೆಯ ನಡುವೆಯೇ ದೀಪಗಳು ಆರಿಹೋಗುವುದನ್ನು ಕಂಡರು. ಊರಿಗೆ ಮರಳಿದ ಮೇಲೆ, ಸೌರಶಕ್ತಿಯ ವಿಷಯದಲ್ಲಿ ಪರಿಣತರಾದ ಪತಿ ಹಾಲ್ ಆರನ್ಸನ್ನರೊಡಗೂಡಿ, ದೀಪ, ಬ್ಯಾಟರಿ, ಫಲಕಗಳೆಲ್ಲ ಅಡಗಿದ ಕೈಪೆಟ್ಟಿಗೆಯೊಂದನ್ನು ರಚಿಸಿದರು. ಈ ಸೌರ ಪೆಟ್ಟಿಗೆ ಇಂದು ಎಷ್ಟೋ ದೇಶಗಳ ಹೆರಿಗೆ ಕೋಣೆಗಳನ್ನು ಬೆಳಗುತ್ತಿದೆ.

ನಮ್ಮ ನಾಡಿನಲ್ಲಿ ಹಳ್ಳಿಯ ಮನೆಗಳಿಗೆ ಸೌರ ದೀಪವನ್ನು ತಲುಪಿಸಲು 1995ರಲ್ಲಿ ಸೆಲ್ಕೋ ಎಂಬ ಸಂಸ್ಥೆ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಬಡವರು ಸೌರ ದೀಪಕ್ಕೆ ಹಣ ತೆರಲಾರರೆಂಬ ನಂಬಿಕೆಯನ್ನು ಅವರು ಒಪ್ಪದೆ, ಬ್ಯಾಂಕುಗಳಿಂದ ಸಣ್ಣ ಸಾಲವನ್ನು ಕೊಡಿಸಿದರು. ಇದೇ ಬಳಗದ ಪ್ರತಿಷ್ಠಾನವು ಮುಂದೆ ಆರೋಗ್ಯ ಕೇಂದ್ರಗಳ ಕಡೆಗೆ ಗಮನ ಹರಿಸಿತು. ರಾಜ್ಯದ ಆರೋಗ್ಯ ಇಲಾಖೆಯೊಡನೆ ಕೈಗೂಡಿಸಿ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ತನ್ನು ಒದಗಿಸುತ್ತಿರುವ ಈ ಕಾರ್ಯಕ್ಕೆ ‘ಸೌರ ಸ್ವಾಸ್ಥ್ಯ’ ಎಂಬ ಹೆಸರು ಬಂದಿದೆ.

ಫಲಕವನ್ನು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವವರು ಬಹಳ. ನಾನು ಉಪಾಧ್ಯಾಯನಾಗಿದ್ದ ಒಂದು ಹಳ್ಳಿಯಲ್ಲಿ ಬಹು ಸಂಭ್ರಮದಿಂದ ಸೌರ ಬೀದಿದೀಪವನ್ನು ನಿಲ್ಲಿಸಿದರು. ಹಾರ, ಭಾಷಣ, ಸಿಹಿ ಎಲ್ಲವೂ ನಡೆದವು. ಎರಡು ವರ್ಷಗಳಲ್ಲಿ ಬ್ಯಾಟರಿ ಸತ್ತಿತು. ಅದು ಯಾರ ಪಾಲಿನ ಕೆಲಸವೆಂದು ಯಾರೂ ಬರೆದಿಟ್ಟಿರಲಿಲ್ಲ. ಆಮೇಲೆ ಆ ಕಂಬ ಎಮ್ಮೆ ಕಟ್ಟಲು ಉಪಯೋಗಕ್ಕೆ ಬಂದಿತು. ಬೀದಿದೀಪವಾದರೆ ನಗಬಹುದು, ಹೆರಿಗೆಯ ಕೋಣೆಯ ದೀಪವಾದರೆ ನಗುವಂತಿಲ್ಲ.

ಆರೈಕೆಯೆಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಗಣಿಯೂರಿನಲ್ಲಿ ಗಾಳಿಯ ತಿಂಗಳುಗಳು ಬಂದರೆ ಸಯನೈಡ್ ದಿಬ್ಬಗಳ ಪುಡಿ ಮನೆಯ ಅಟ್ಟಣೆಯ ಮೇಲೂ ಕೂರುತ್ತದೆ. ಫಲಕಗಳ ಮೇಲೆ ಕೂರದೆ ಬಿಡುವುದೆ? ಧೂಳು ಮುಸುಕಿದ ಫಲಕದಿಂದ ಬರುವ ವಿದ್ಯುತ್ತು ಕಡಮೆ. ಹಾಗೆಂದು ನಡುಹಗಲಿನಲ್ಲಿ, ಫಲಕ ಕಾದಿರುವಾಗ, ತಣ್ಣೀರು ಎರಚಿದರೆ ಗಾಜು ಸೀಳಬಹುದು. ಬೆಳಗ್ಗೆ ಬಿಸಿಲೇರುವ ಮೊದಲು, ಒದ್ದೆ ಬಟ್ಟೆಯಿಂದ ಒರೆಸಬೇಕು. ನೀರಿಗೆ ಹಾಹಾಕಾರವಿರುವ ಈ ಜಿಲ್ಲೆಯಲ್ಲಿ ಅದಕ್ಕೆಂದು ಎರಡು ಬಿಂದಿಗೆ ನೀರನ್ನು ಎತ್ತಿಡುವುದೂ ಒಂದು ಏರ್ಪಾಡೇ. ಸೀಸದ ಬ್ಯಾಟರಿಗಳಿದ್ದರೆ ಅವುಗಳಲ್ಲಿ ಶುದ್ಧೀಕರಿಸಿದ ನೀರಿನ ಮಟ್ಟವನ್ನು ತಪ್ಪದೆ ನೋಡಬೇಕು; ಲಿಥಿಯಂ ಬ್ಯಾಟರಿಗೆ ಆ ತೊಡಕಿಲ್ಲ, ಬೆಲೆ ಹೆಚ್ಚು.

ಉಳಿಯುವುದು ಹಣದ ಪ್ರಶ್ನೆ. ಒಳ್ಳೆಯ ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಸೀಸದ ಬ್ಯಾಟರಿ ಐದು ವರ್ಷ ಬಾಳಿದರೆ ಹೆಚ್ಚು. ಎಂದರೆ, ಒಂದು ಜೊತೆ ಫಲಕಗಳ ಆಯುಷ್ಯದಲ್ಲಿ ನಾಲ್ಕು ಸಲವಾದರೂ ಬ್ಯಾಟರಿಯನ್ನು ಬದಲಿಸಬೇಕು. ಮೊದಲ ಬ್ಯಾಟರಿಯನ್ನು ದಾನಿಗಳೋ ಸರ್ಕಾರವೋ ಕೊಡುತ್ತಾರೆ, ಅದರ ಮೇಲೆ ಅವರ ಹೆಸರೂ ಇರುತ್ತದೆ. ಎರಡನೆಯದಕ್ಕೆ ಹಾರ ಹಾಕುವವರಿಲ್ಲ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿಯೆಂಬುದೊಂದಿದೆ. ಊರಿನ ಪ್ರತಿನಿಧಿಗಳೂ ಅದರಲ್ಲಿರುತ್ತಾರೆ. ಜನರೇಟರಿನ ಡೀಸೆಲ್ಲಿನಲ್ಲಿ, ವಿದ್ಯುತ್ತಿನ ಬಿಲ್ಲಿನಲ್ಲಿ ಉಳಿದ ಹಣವನ್ನು ಅಲ್ಲಿಯೇ ಲೆಕ್ಕ ಬರೆದು, ಮೊದಲ ವರ್ಷದಿಂದಲೇ ಎರಡನೆಯ ಬ್ಯಾಟರಿಗೆಂದು ತೆಗೆದಿರಿಸಬೇಕು.